ಹೊಲದ ಊಟಕ್ಕೆ ಮನೆಯಿಲ್ಲದ ಅತಿಥಿಗಳು

ತೀರ ನಿರ್ಗತಿಕನಾದವನನ್ನು ಕುರಿತು ಹೇಳುವಾಗ ನಾವು ‘ಮನೆಮಠ ಇಲ್ಲದವನು’ ಎನ್ನುತ್ತೇವೆ. ಇದು ಕೇವಲ ಪ್ರಾಸಕ್ಕಾಗಿ ಹುಟ್ಟಿದ ಜೋಡುನುಡಿಯಲ್ಲ. ಮನೆಯಿಲ್ಲದವನಿಗೆ ಮಠವಾದರೂ ಉಂಟು ಎಂಬ ನಂಬಿಕೆ ಅದರೊಳಗೆ ಅಡಗಿದೆ. ಎರಡೂ ತಪ್ಪಿದಾಗಲಷ್ಟೆ ಮನುಷ್ಯನಿಗೆ ಗತಿಯಿಲ್ಲವೆಂದು ಹಿರಿಯರು ಎಣಿಸಿದ್ದರು. ಇನ್ನೊಂದು ಮಾತು ‘ಪರದೇಶಿ’. ಬೇರೆ ನಾಡಿನವನು ಎಂಬ ಅರ್ಥದ ಈ ಪದ ಹೇಳಕೇಳುವವರಿಲ್ಲದ ಅನಾಥ ಎಂಬ ಅರ್ಥಕ್ಕೆ ಜಾರಿತು. ಊರು ಬಿಟ್ಟವನ ಪಾಡನ್ನು ನಿಘಂಟಿಗಿಂತ ಮೊದಲು ಜನ ಅರಿತಿದ್ದರೆನ್ನಬೇಕು.

ಯಾದಗಿರಿ, ಶಹಾಪುರ, ಸುರಪುರಗಳ ಶ್ರೋತೃಗಳಿಗೆ ಊರು ಬಿಡುವುದೆಂದರೇನೆಂದು ವಿವರಿಸಬೇಕಾಗಿಲ್ಲ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ನೀರು ಹರಿದೆಡೆ ಭತ್ತ ಬಂದಿತು. ನೀರು ತಲುಪದ ಊರುಗಳಿಂದ, ತಾಂಡಾಗಳಿಂದ ಗುಳೆ ಹೋಗುವುದು ನಿಂತಿಲ್ಲ. ಯಾದಗಿರಿಯ ರೈಲುನಿಲ್ದಾಣದಲ್ಲಿ ನಿಲ್ಲುವ ಉದ್ಯಾನ್ ಎಕ್ಸ್‌ಪ್ರೆಸ್‌ನ ಒಂದು ಕೊನೆ ಬೆಂಗಳೂರು, ಇನ್ನೊಂದು ಕೊನೆ ಮುಂಬಯಿ. ಗುಳೆಯವರಿಗೆ ಎರಡು ದಿಕ್ಕನ್ನೂ ಅದೊಂದೇ ಬಂಡಿ ತೋರಿಸುತ್ತದೆ. ಅಲ್ಲಿ ಬಹುಮಹಡಿಯ ಮನೆಗಳನ್ನು ಕಟ್ಟುವವರು ತಗಡಿನ ಜೋಪಡಿಗಳಲ್ಲಿ ಮಲಗುತ್ತಾರೆ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಹಿಂದಿರುಗಿದ ಸಾವಿರಾರು ಮಂದಿಯನ್ನು ಇದೇ ಜಿಲ್ಲೆಯ ಶಾಲೆಗಳಲ್ಲಿ, ವಸತಿನಿಲಯಗಳಲ್ಲಿ ಇರಿಸಿದ್ದು ನಿಮಗೆ ನೆನಪಿದೆ. ಸ್ವಂತ ಜಿಲ್ಲೆಗೆ ಬಂದವರೇ ಆಗ ಪರದೇಶಿಗಳಾಗಿ ಕಂಡರು.

ದುಡಿಯುವ ವಯಸ್ಸಿನವರು ಹೋದ ಮೇಲೆ ಉಳಿಯುವವರೂ ಇದ್ದಾರೆ. ವಯಸ್ಸಾದವರು, ಮೈಯಲ್ಲಿ ಕಸುವಿಲ್ಲದವರು, ಮಕ್ಕಳ ಸುದ್ದಿ ಬಾರದೆ ಹೋದವರು. ಇವರಲ್ಲಿ ಕೆಲವರು ಕಡೆಗೆ ಬಸ್ ನಿಲ್ದಾಣದ ಕಲ್ಲುಹಾಸಿಗೂ ಗುಡಿಯ ಪೌಳಿಗೂ ಬಂದು ಸೇರುತ್ತಾರೆ. 2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿಯನ್ನು ಇಂಥವರ ಎಣಿಕೆಗೆಂದೇ ಮೀಸಲಿಟ್ಟರು. ರಸ್ತೆಯ ಬದಿ, ಮೇಲುಸೇತುವೆಯ ಅಡಿ, ಸಿಮೆಂಟಿನ ಕೊಳವೆಯ ಒಳಗು, ಮಂಟಪ, ರೈಲುನಿಲ್ದಾಣದ ಕಟ್ಟೆ: ಹೀಗೆ ಹುಡುಕಬೇಕಾದ ತಾವುಗಳನ್ನು ಅವರ ಸೂಚನೆ ಹೆಸರಿಸಿತ್ತು. ದೇಶದಲ್ಲಿ ಸಿಕ್ಕವರು 17 ಲಕ್ಷ 70 ಸಾವಿರಕ್ಕೂ ಮಿಕ್ಕಿ. ಒಂದು ರಾತ್ರಿಗೆ ಕಂಡವರು ಅಷ್ಟು. ಕಾಣದೆ ಹೋದವರನ್ನು ಯಾರು ಬಲ್ಲರು?

ಇಂಥವರನ್ನು ಕರೆದು ಕೂರಿಸಿ ಉಣಬಡಿಸಲು ಬೇರೆ ದೇಶಗಳ ನಗರಗಳಲ್ಲಿ ಉದ್ಯಾನಗಳಲ್ಲಿ ವನಭೋಜನ ಏರ್ಪಡಿಸುವುದುಂಟು. ನಾವು ಅದನ್ನು ಅಲ್ಲಿಂದ ತರಬೇಕಾಗಿಲ್ಲ. ಮಾರ್ಗಶಿರದ ಅಮಾವಾಸ್ಯೆ, ಎಂದರೆ ನಮ್ಮ ಎಳ್ಳಮಾಸಿ, ಇದಕ್ಕೆ ಹೇಳಿಮಾಡಿಸಿದ ದಿನ. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಕಾಯಿಗಟ್ಟಿರುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡುಬು, ಹಸಿಕಾಳುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ ಇವೆಲ್ಲ ಬಂಡಿಯೇರಿ ಹೊಲಕ್ಕೆ ಹೋಗುತ್ತವೆ. ಹೊಲವಿದ್ದವರು ಹೊಲವಿಲ್ಲದವರನ್ನು ಕರೆಯುವುದು ಅಂದಿನ ರೂಢಿ. ಪಟ್ಟಣದ ನೌಕರನಿಗೂ ಅಂದು ನಾಲ್ಕು ಕಡೆಯಿಂದ ಕರೆ ಬರುತ್ತದೆ. ಆದರೆ ಕರೆ ಹೋಗುವುದು ವಿಳಾಸವಿದ್ದವರಿಗೆ. ಬಸ್ ನಿಲ್ದಾಣದಲ್ಲಿ ಮಲಗಿದವನನ್ನು ಎಂದು ಕರೆಯುವುದು, ಏನೆಂದು ಕರೆಯುವುದು?

ಹಾಗೆಂದು ಈ ಹಬ್ಬವನ್ನು ಚಿನ್ನದ ಚೌಕಟ್ಟಿನಲ್ಲಿಟ್ಟು ನೋಡಲು ನಾನು ಸಿದ್ಧನಿಲ್ಲ. ಅದೇ ಹೊಲದಲ್ಲಿ ವರ್ಷವಿಡೀ ದುಡಿದವರು ಬದುವಿನ ಆಚೆ ಬೇರೆಯಾಗಿ ಕುಳಿತು, ಮೇಲಿಂದ ನೀಡಿದ್ದನ್ನು ಉಂಡ ಕಾಲವನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದಾರೆ. ಎಲ್ಲ ಕಡೆಯೂ ಅದು ಪೂರ್ತಿ ಅಳಿದಿದೆಯೆಂದು ಹೇಳಲು ಧೈರ್ಯ ಸಾಲದು. ಆದುದರಿಂದ ಮನೆಯಿಲ್ಲದವರನ್ನು ಕರೆಯುವುದಕ್ಕೆ ಮೊದಲು ಪಂಕ್ತಿ ಒಂದೇ ಎಂಬುದು ಇತ್ಯರ್ಥವಾಗಿರಬೇಕು. ಇಲ್ಲವಾದರೆ ಆ ಕರೆ ಅವರಿಗೆ ಎರಡನೆಯ ಅವಮಾನವಾದೀತು.

ಕೆಲವು ವರ್ಷಗಳಿಂದ ನಾವು ನಿವೃತ್ತ ಅಧ್ಯಾಪಕರು ಕೆಲವರು, ಕಾಲೇಜಿನ ಹುಡುಗರನ್ನು ಕೂಡಿಕೊಂಡು, ಪರಿಚಿತ ರೈತರ ಹೊಲಕ್ಕೆ ಹೀಗೆ ಒಂದಿಷ್ಟು ಜನರನ್ನು ಕರೆದೊಯ್ಯುತ್ತಿದ್ದೇವೆ. ಹತ್ತು ಹದಿನೈದು ಮಂದಿ; ಹೆಚ್ಚೆಂದರೆ ಇಪ್ಪತ್ತು. ಸೇವೆಗೆ ಬರುವ ಹುಡುಗರಿಗೆ ಉತ್ಸಾಹ ಬಹಳ. ಬೇಡವೆಂದರೂ ಬಡಿಸುತ್ತಾರೆ; ಹೊಟ್ಟೆ ಚಿಕ್ಕದಾದ ಮುದುಕರು ಒಲ್ಲೆನೆನ್ನಲು ಸಂಕೋಚಪಟ್ಟು ಉಣ್ಣುತ್ತಾರೆ. ‘ನಿಮಗೆ ಮಕ್ಕಳಿಲ್ಲವೆ?’ ಎಂದು ಕೇಳಿಬಿಡುತ್ತಾರೆ. ಊಟದ ನಡುವೆ ಕೇಳಬಾರದ ಪ್ರಶ್ನೆ ಇದು. ‘ಯಾವೂರು?’ ಎಂದು ಕೇಳಿದರೆ ಮಾತ್ರ ಮುಖ ಅರಳುತ್ತದೆ. ಊರಿನ ಹೆಸರು, ಅಲ್ಲಿಯ ಜಾತ್ರೆ, ಬಾವಿ, ಹೊಲದ ಹೆಸರು ಒಂದೊಂದಾಗಿ ಬರುತ್ತವೆ. ಮನೆ ಹೋದರೂ ಊರು ಹೋಗಿರುವುದಿಲ್ಲ. ಛಾಯಾಚಿತ್ರ ತೆಗೆಯುವುದನ್ನು ನಾವು ಕಟ್ಟುನಿಟ್ಟಾಗಿ ನಿಷೇಧಿಸಿದ್ದೇವೆ. ಉಣ್ಣುವವನ ಬಾಯನ್ನು ಊರಿಗೆಲ್ಲ ತೋರಿಸುವುದು ಯಾವ ಸೀಮೆಯ ಅತಿಥಿಸತ್ಕಾರ!

ಚರಗ ಚೆಲ್ಲುವ ಹೊತ್ತು ಬಂದಾಗ ನಾನು ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. ಬನ್ನಿಯ ಗಿಡದ ಬುಡದಲ್ಲಿ ಪೂಜೆ ಮುಗಿದ ಮೇಲೆ ಬಂದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುವುದು ವಾಡಿಕೆ. ಭೂಮಿಗೂ ಹಕ್ಕಿಗೂ ಹುಳುವಿಗೂ ಅದು ಎಡೆ. ಹೊಲದೊಡೆಯನೇ ಚೆಲ್ಲುವುದು ಪದ್ಧತಿ. ಒಂದು ವರ್ಷ ಒಡೆಯನು ತಾನಾಗಿಯೇ ಬುಟ್ಟಿಯನ್ನು ಅತಿಥಿಗಳಲ್ಲಿ ಹಿರಿಯಳಾದ ಒಬ್ಬ ಮುದುಕಿಯ ಕೈಗೆ ಕೊಟ್ಟ. ಅಷ್ಟು ಹೊತ್ತು ಮುದುಡಿ ಕುಳಿತಿದ್ದ ಆಕೆ ಸೆರಗು ಬಿಗಿದುಕೊಂಡು ಎದ್ದಳು. ನಾಲ್ಕು ಮೂಲೆಗೂ ಹೋಗಿ, ಯಾವ ಸಾಲನ್ನೂ ತುಳಿಯದೆ, ಅಳತೆ ತಪ್ಪದೆ ಚೆಲ್ಲಿ ಬಂದಳು. ಒಂದು ಕಾಲಕ್ಕೆ ಆಕೆಗೂ ಹೊಲವಿದ್ದಿರಬೇಕೆಂದು ಯಾರಾದರೂ ಹೇಳಬಹುದಿತ್ತು, ಯಾರೂ ಹೇಳಲಿಲ್ಲ.

ಮನೆ ಕಳೆದುಕೊಂಡವನು ಕಳೆದುಕೊಳ್ಳುವುದು ಸೂರನ್ನು ಮಾತ್ರವಲ್ಲ. ಬಂದವರಿಗೆ ‘ಬರ್ರಿ, ಕೂಡ್ರಿ’ ಎನ್ನುವ ಅಧಿಕಾರವನ್ನೂ ಕಳೆದುಕೊಳ್ಳುತ್ತಾನೆ. ಅವನ ಕೈ ಸದಾ ಕೆಳಗಾಗುತ್ತದೆ. ಕೃಷ್ಣೆಯ ಆಚೆದಡದ ಅಮರೇಶ್ವರದ ಕಡೆ ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮ, ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಒಪ್ಪದೆ ಹಿಂದಿರುಗಿಸಲು ಹೇಳಿದ ಕಥೆ ನಿಮಗೆ ಗೊತ್ತು. ನೆಲದಿಂದ ಕಾಳು ಆಯ್ದು ಬದುಕಿದ ಬಡವರೇ ದಾಸೋಹ ನಡೆಸಿದರು. ಈಚೆದಡದ ಮುದನೂರಿನ ದೇವರ ದಾಸಿಮಯ್ಯನೂ ಬಟ್ಟೆ ನೇಯ್ದು ಬಾಳಿದವನೇ. ಕೊಡುವುದಕ್ಕೆ ಸಿರಿವಂತನಾಗಿರಬೇಕೆಂಬ ನಿಯಮವನ್ನು ಶರಣರು ಒಪ್ಪಲಿಲ್ಲ. ಹೊಲದ ಊಟದಲ್ಲಿ ನಾವೂ ಅತಿಥಿಗಳಿಗೆ ಕೆಲಸ ಕೊಡುತ್ತೇವೆ. ಕೆಲವರು ಸುಲಗಾಯಿ ಸುಲಿಯುತ್ತಾರೆ, ಕೆಲವರು ನೀರು ನೀಡುತ್ತಾರೆ. ಬಡಿಸುವ ಸರದಿ ಎಲ್ಲರಿಗೂ ಉಂಟು.

ವರ್ಷಕ್ಕೊಮ್ಮೆ ಉಂಡರೆ ಉಳಿದ ದಿನಗಳ ಗತಿಯೇನೆಂದು ನೀವು ಕೇಳಬಹುದು. ಕೇಳಬೇಕಾದ್ದೇ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾನೂನಿನಂತೆ ನಾವು ತೆರುವ ಆಸ್ತಿತೆರಿಗೆಯ ಮೇಲೆ ನೂರಕ್ಕೆ 3ರಂತೆ ಕರ ಸೇರುತ್ತದೆ; ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗಬೇಕಾದ ಹಣವದು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ 5 ಲಕ್ಷ ಮೀರಿದ ನಗರಗಳಲ್ಲಿ ಲಕ್ಷ ಜನಕ್ಕೊಂದು ರಾತ್ರಿವಸತಿ ಬೇಕೆಂದು ಆಜ್ಞಾಪಿಸಿತು. ಯಾದಗಿರಿಯ ಜನಸಂಖ್ಯೆ 2011ರಲ್ಲಿ ಮುಕ್ಕಾಲು ಲಕ್ಷದಷ್ಟು. ಶಹಾಪುರ, ಸುರಪುರಗಳು ಇನ್ನೂ ಸಣ್ಣವು. ಈ ಅಳತೆಗೋಲು ನಮ್ಮ ಊರುಗಳನ್ನು ಮುಟ್ಟುವುದೇ ಇಲ್ಲ, ಚಳಿಯೇನೋ ಮುಟ್ಟುತ್ತದೆ. ರಸೀದಿಯಲ್ಲಿ ಆ ಕರದ ಸಾಲನ್ನು ಗುರುತಿಸಿ, ಅದು ಎಲ್ಲಿ ಖರ್ಚಾಯಿತೆಂದು ನಗರಸಭೆಯನ್ನು ವಿಚಾರಿಸುವುದೂ ಸೇವೆಯ ಭಾಗವೇ.

ಎಳ್ಳಮಾಸಿಗೆ ಹೀಗೆ ಕರೆಯಬೇಕೆಂದು ನಿಮ್ಮಲ್ಲಿ ಯಾರಿಗಾದರೂ ಮನಸ್ಸಾದರೆ ಎರಡು ದಿನ ಮುಂಚೆಯೇ ಹೋಗಿ ಆಮಂತ್ರಿಸಿರಿ. ಅಂದಂದೇ ಬಂಡಿ ತಂದು ಹತ್ತಿರೆಂದರೆ ಅವರು ಹೆದರುತ್ತಾರೆ. ಹಿಂದೆ ಕೆಲವರನ್ನು ಹಾಗೆಯೇ ವಾಹನಕ್ಕೆ ತುಂಬಿ ಒಯ್ದದ್ದುಂಟು. ಅವರ ಗಂಟುಮೂಟೆಗಳನ್ನು ಜೊತೆಗೇ ತರಲು ಬಿಡಿರಿ. ರಸ್ತೆಗೆ ಹತ್ತಿರವಿರುವ ಹೊಲವನ್ನೇ ಆರಿಸಿರಿ, ಎರೆಮಣ್ಣಿನ ಹೆಂಟೆಗಳ ಮೇಲೆ ಮುದುಕರು ಬಹುದೂರ ನಡೆಯಲಾರರು.