ತಿಥಿ ನೋಡಿ ಹಕ್ಕಿ ನೋಡಿ



ಹಕ್ಕಿ ನೋಡಬೇಕಾದರೆ ಬೆಳಕು ಹರಿಯುವ ಮೊದಲೇ ಏಳಬೇಕು ಎನ್ನುತ್ತಾರೆ. ಕಾಡಿನ ಮಟ್ಟಿಗೆ ಸರಿ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಚಳಿಗಾಲದ ಕಡಲಂಚಿನ ಹಕ್ಕಿಗಳನ್ನು ನೋಡುವವರು ಮಾತ್ರ ಗಡಿಯಾರಕ್ಕಿಂತ ಮೊದಲು ಪಂಚಾಂಗ ನೋಡುವುದು ಒಳ್ಳೆಯದು. ಬಲೆ ಬೀಸುವವರಿಗೆ, ಬಳಚು ಚಿಪ್ಪಿ ಹೆಕ್ಕುವವರಿಗೆ ಇದು ಹೊಸ ಮಾತಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನಮ್ಮಲ್ಲಿ ಆ ದಿನಗಳಂದು ಉಬ್ಬರ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಇಳಿತ ಸಂಜೆಯ ಕಡೆಗೆ. ದಿನಕ್ಕೆ ಸುಮಾರು 50 ನಿಮಿಷದಂತೆ ಈ ಹೊತ್ತು ಮುಂದಕ್ಕೆ ಸರಿಯುತ್ತದೆ. ಹಕ್ಕಿಗಳ ಊಟದ ಹೊತ್ತೂ ಅದರ ಜೊತೆಗೇ ಸರಿಯುತ್ತದೆ. ಇಳಿತ ರಾತ್ರಿ ಬಿದ್ದರೆ ರಾತ್ರಿಯೇ ಮೇಯುತ್ತವೆ.

ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ನೀರು ಹಿಂದೆ ಸರಿದು ಕೆಸರು ಬಯಲಾಯಿತೆಂದರೆ ಬುಟ್ಟಿ ಹಿಡಿದ ಜನ ಒಂದು ಕಡೆ ಬಳಚಿಗೆ ಇಳಿಯುತ್ತಾರೆ, ಇನ್ನೊಂದು ಕಡೆ ಹಕ್ಕಿಗಳು. ಮಣ್ಣಿನ ಬಣ್ಣದ, ಗಿಡ್ಡ ಕೊಕ್ಕಿನ ಸ್ಯಾಂಡ್ ಪ್ಲವರ್ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ, ದೊಡ್ಡ ಕಣ್ಣು ಅರಳಿಸಿ ನೋಡಿ, ಮೇಲಿದ್ದ ಹುಳುವನ್ನು ಹೆಕ್ಕಿ, ಮತ್ತೆ ಓಡುತ್ತದೆ. ಕರ್ಲ್ಯೂ ಹಾಗೆ ಓಡಾಡುವುದಿಲ್ಲ. ಕೆಳಕ್ಕೆ ಬಾಗಿದ, ಸುಮಾರು ಗೇಣುದ್ದದ ಕೊಕ್ಕನ್ನು ಕೆಸರಿಗೆ ಇಳಿಸಿ ತಡಕುತ್ತದೆ. ಕೊಕ್ಕಿನ ತುದಿಯಲ್ಲಿ ನರಗಳು ದಟ್ಟವಾಗಿರುವುದರಿಂದ ಕಣ್ಣಿಗೆ ಕಾಣದ ಏಡಿ, ಹುಳು ಮುಟ್ಟಿಯೇ ಗೊತ್ತಾಗುತ್ತವೆ. ಒಂದೇ ಕೆಸರಿನಲ್ಲಿ ಮೇಲಿನದು ಒಬ್ಬರಿಗೆ, ಆಳದ್ದು ಇನ್ನೊಬ್ಬರಿಗೆ. ಇಷ್ಟು ಜನಕ್ಕೂ ಹಕ್ಕಿಗೂ ಉಣಿಸುವ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹೊರಗಿನವರ ಕಣ್ಣಿಗೆ ಅದು ಬರೀ ಕೆಸರು. ತುಂಬಿಸಿ ಏನಾದರೂ ಕಟ್ಟೋಣ ಎನಿಸುವುದೂ ಅದಕ್ಕೇ.

ಇನ್ನು ಮಾವಳ್ಳಿಯ ಮುರ್ಡೇಶ್ವರ. ಬಂದವರೆಲ್ಲ 123 ಅಡಿಯ ಶಿವನ ಕಡೆ ಮುಖ ಮಾಡುತ್ತಾರೆ, ತಪ್ಪೇನಿಲ್ಲ. ಒಮ್ಮೆ ದೋಣಿಗಳ ಕಡೆಗೂ ತಿರುಗಿ. ಮೀನಿನ ಚೂರಿಗೆ ಗರುಡನ ಜೊತೆ ಜಗಳಕ್ಕೆ ನಿಂತಿರುವ ಬಿಳಿ ಹಕ್ಕಿಗಳು ಗಲ್‌ಗಳು. ಅವುಗಳಲ್ಲಿ ಕಂದುತಲೆಯ ಗಲ್ ಮರಿ ಮಾಡುವುದು ಟಿಬೆಟ್, ಲಡಾಖ್‌ನಂಥ ಎತ್ತರದ ನಾಡಿನ ಸರೋವರಗಳ ದಡದಲ್ಲಿ. ಹೆಸರು ನಂಬಿ ಕಂದು ತಲೆ ಹುಡುಕಿದರೆ ಸಿಗದು. ಚಳಿಗಾಲದಲ್ಲಿ ತಲೆ ಬೆಳ್ಳಗಾಗಿ ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ಹಾರುವಾಗ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ ಇದೆಯೇ ನೋಡಿ, ಗುರುತು ಅದು. ನಮ್ಮ ಚಳಿಗಾಲದ ಅತಿಥಿಗಳಲ್ಲಿ ಹೆಚ್ಚಿನವು ಹೀಗೆ ಬಣ್ಣವನ್ನು ಊರಲ್ಲೇ ಬಿಟ್ಟು ಬರುವಂಥವು. ಹೊಸಬರಿಗೆ ಎಲ್ಲ ಬೂದುಬೂದಾಗಿ ಒಂದೇ ಥರ ಕಂಡರೆ ಕಣ್ಣಿನ ದೋಷವಲ್ಲ.

ಕಡಲಾಚೆಗೆ ಮಸುಕಾಗಿ ಕಾಣುವುದು ನೇತ್ರಾಣಿ ದ್ವೀಪ. ಬಿಳಿಹೊಟ್ಟೆಯ ಕಡಲ ಹದ್ದಿನ ಬೀಡು. ಈ ಹದ್ದು ವಲಸೆಯದಲ್ಲ, ಇಲ್ಲಿಯದೇ. ಕಡಲ ಹಾವು ಇದರ ಮೆಚ್ಚಿನ ಊಟ. ಕರಾವಳಿಯ ಎತ್ತರದ ಮರಗಳಲ್ಲಿ ಗೂಡು ಕಟ್ಟುವುದೂ ಚಳಿಗಾಲದಲ್ಲೇ. ಈ ಊರುಗಳಿರುವ ಜಿಲ್ಲೆಯ ಹಕ್ಕಿಗಳ ಬಗ್ಗೆ ಬ್ರಿಟಿಷ್ ಅಧಿಕಾರಿ ಡೇವಿಡ್‌ಸನ್ 1898ರಲ್ಲೇ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದಿದ್ದ. ಊರಿನ ಶಾಲೆಯ ಮಕ್ಕಳು ಈಗ ಹಕ್ಕಿಗಳ ಪಟ್ಟಿಯೊಂದನ್ನು ಶುರು ಮಾಡಿದರೆ ಆ ಬರಹದ ಜೊತೆ ಹೋಲಿಸಿ ನೋಡಲು ಸಿಗುತ್ತದೆ.

ಉಬ್ಬರದ ವೇಳೆ ಹೋದರೂ ನಷ್ಟವಿಲ್ಲ. ಕೆಸರು ಮುಳುಗಿದಾಗ ಹಕ್ಕಿಗಳು ಮರಳದಿಬ್ಬದ ಮೇಲೆ, ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಕಟ್ಟೆಗಳ ಮೇಲೆ ಗುಂಪಾಗಿ, ಗಾಳಿಗೆ ಮುಖಕೊಟ್ಟು ನಿಂತಿರುತ್ತವೆ. ಎಣಿಸಲು ಇದೇ ಸಮಯ. ಆದರೆ ನಾಯಿ ಬಿಟ್ಟು, ಮಕ್ಕಳನ್ನು ಓಡಿಸಿ ಅವನ್ನು ಎಬ್ಬಿಸಬೇಡಿ. ಫೋಟೋ ಚೆನ್ನಾಗಿ ಬರಬಹುದು. ಆದರೆ ಹಾರಿದಷ್ಟೂ ಕರಗುವುದು ಮರುಪಯಣಕ್ಕೆಂದು ಕೂಡಿಟ್ಟ ಕೊಬ್ಬು.

ಚಳಿಯ ತಿಂಗಳುಗಳಲ್ಲಿ ಹೋಗುವುದು ತಪ್ಪಿಹೋದರೆ ಮಾರ್ಚ್ ಕೊನೆಯ ಹೊತ್ತಿಗಾದರೂ ಹೋಗಿ. ಆಗ ಗಲ್‌ಗಳ ತಲೆಗೆ ಕಂದು ಬಣ್ಣ, ಸ್ಯಾಂಡ್ ಪ್ಲವರ್‌ಗಳ ಎದೆಗೆ ಇಟ್ಟಿಗೆಯ ಬಣ್ಣ ಏರುತ್ತಿರುತ್ತದೆ. ಪುಸ್ತಕದ ಚಿತ್ರಕ್ಕೂ ಎದುರಿನ ಹಕ್ಕಿಗೂ ತಾಳೆಯಾಗುವುದು ಆ ಕೆಲವೇ ವಾರಗಳಲ್ಲಿ.