ದಾರಿ ಕಡಿಯುವ ಮುನ್ನ ಇನ್ನೊಂದು ದಾರಿ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಇಂಟರ್ನೆಟ್ಟಿನ ತಂತಿಗಳ ಬಗ್ಗೆ ಮಾತನಾಡಲು ನಿಂತದ್ದನ್ನು ನೋಡಿ ಹಿಂದಿನ ಸಾಲಿನ ಹುಡುಗರು ಆಗಲೇ ನಗುತ್ತಿದ್ದಾರೆ. ನಗಲಿ. ನಾನು ಈ ವಿಷಯಕ್ಕೆ ಆಸಕ್ತಿಯಿಂದ ಬಂದವನಲ್ಲ, ಪೆಟ್ಟು ತಿಂದು ಬಂದವನು.

ಕೆಲವು ವರ್ಷಗಳ ಹಿಂದಿನ ಮಾತು. ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿಗೆ ಅಂದೇ ಕೊನೆಯ ದಿನ. ದಾಖಲೆಗಳು ತಡವಾಗಿ ಸಿಕ್ಕ ನಾಲ್ಕು ಮಕ್ಕಳನ್ನು ಕರೆದುಕೊಂಡು ನಮ್ಮೂರಿನ ಒಂದು ಸೈಬರ್ ಸೆಂಟರಿಗೆ ಹೋದೆ. ಅದರ ಮಾಲೀಕರು ಜಾಣರು. ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಬೇರೆ ಬೇರೆ ಕಂಪನಿಗಳಿಂದ ಎರಡು ಕನೆಕ್ಷನ್ ತೆಗೆದುಕೊಂಡಿದ್ದರು. ಮೂರು ಅರ್ಜಿಗಳು ಹೋದವು. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಎರಡನೆಯ ಕನೆಕ್ಷನ್ ಹಾಕಿ ನೋಡಿದರು, ಅದೂ ಸತ್ತಿತ್ತು. ಎರಡು ಬೀದಿ ಆಚೆ ನೀರಿನ ಪೈಪಿಗಾಗಿ ಜೆಸಿಬಿ ಅಗೆಯುತ್ತಿತ್ತು. ಎರಡೂ ಕಂಪನಿಗಳ ಕೇಬಲ್ಲುಗಳು ಒಂದೇ ಗುಂಡಿಯಲ್ಲಿ, ಒಂದರ ಪಕ್ಕ ಒಂದು ಮಲಗಿದ್ದವು. ಮೊಬೈಲಿನಲ್ಲಿ ಪ್ರಯತ್ನಿಸಿದೆವು, ಪುಟ ತೆರೆಯಲೇ ಇಲ್ಲ. ರಾತ್ರಿ 12 ಹೊಡೆಯಿತು. ನಾಲ್ಕನೆಯ ಹುಡುಗಿಯ ಅರ್ಜಿ ಹೋಗಲಿಲ್ಲ. ಅವಳ ಅಬ್ಬಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಇದನ್ನು ಹೇಳಿಕೊಂಡೆ. ಅವನು, “ಸರ್, ಎರಡು ಕನೆಕ್ಷನ್ ಅಂದರೆ ಎರಡು ದಾರಿ ಅಂತ ಅಲ್ಲ” ಎಂದ. ದೊಡ್ಡ ಟೆಲಿಕಾಂ ಜಾಲಗಳಲ್ಲಿ ಇದಕ್ಕೆ ಏನು ಮಾಡುತ್ತಾರೆ ಎಂದು ಕೇಳಿದೆ. ಅವನು ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಅಂಚೆಯವರ ಆರ್‌ಎಂಎಸ್ ಚೀಲಗಳನ್ನು ಹಿರಿಯರು ರೈಲು ನಿಲ್ದಾಣದಲ್ಲಿ ನೋಡಿರುತ್ತೀರಿ. ಒಂದೇ ಊರಿಗೆ ಹೋಗುವ ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಚೀಟಿ ಕಟ್ಟುತ್ತಾರೆ. ನಡುವಿನ ನಿಲ್ದಾಣದವರು ಒಳಗಿನ ವಿಳಾಸಗಳನ್ನು ಓದುವುದಿಲ್ಲ. ಚೀಟಿ ನೋಡಿ ಚೀಲ ದಾಟಿಸುತ್ತಾರೆ. ಲೇಬಲ್ ಸ್ವಿಚಿಂಗ್ ಹೆಚ್ಚುಕಡಿಮೆ ಇದೇ. ಎಂಪಿಎಲ್‌ಎಸ್ ಎಂದು ಇದರ ಹೆಸರು. ಇಂಟರ್ನೆಟ್ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಇದರ ಮೂಲ ರಚನೆಯನ್ನು 2001ರಲ್ಲಿ ಪ್ರಕಟಿಸಿತು. ಮಾಹಿತಿಯ ಪ್ರತಿಯೊಂದು ಪೊಟ್ಟಣಕ್ಕೂ 20 ಬಿಟ್‌ಗಳ ಒಂದು ಸಂಖ್ಯೆಯನ್ನು ಅಂಟಿಸುತ್ತಾರೆ, ಅದೇ ಲೇಬಲ್. ಒಂದು ವ್ಯತ್ಯಾಸವಿದೆ: ಅಂಚೆಯ ಚೀಟಿ ಕೊನೆಯವರೆಗೂ ಅದೇ ಇರುತ್ತದೆ. ಇಲ್ಲಿ ಪ್ರತಿ ರೂಟರ್ ಹಳೆಯ ಚೀಟಿ ತೆಗೆದು, ಮುಂದಿನ ರೂಟರಿಗೆ ಅರ್ಥವಾಗುವ ಹೊಸ ಚೀಟಿ ಹಚ್ಚುತ್ತದೆ.

ದಾರಿ ಕಡಿದರೆ ಏನಾಗುತ್ತದೆ? ಓಎಸ್‌ಪಿಎಫ್ ಎಂಬ ಸಾಮಾನ್ಯ ಪದ್ಧತಿಯಲ್ಲಿ ರೂಟರುಗಳು 10 ಸೆಕೆಂಡಿಗೊಮ್ಮೆ ಪರಸ್ಪರ ‘ಹಲೋ’ ಎನ್ನುತ್ತವೆ. 40 ಸೆಕೆಂಡು ದನಿ ಕೇಳಿಸದಿದ್ದರೆ ನೆರೆಯವನು ಇಲ್ಲವೆಂದು ತಿಳಿದು, ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿ, ಎಲ್ಲರೂ ಹೊಸದಾಗಿ ದಾರಿ ಲೆಕ್ಕ ಹಾಕುತ್ತಾರೆ. ಫೈಬರಿನಲ್ಲಿ ಬೆಳಕೇ ನಿಂತರೆ ತಕ್ಷಣ ಗೊತ್ತಾಗುತ್ತದೆ, ಕಾಲಮಿತಿಗಳನ್ನು ಕಡಿಮೆ ಮಾಡಿಯೂ ಇಡಬಹುದು. ಆದರೂ ಸುದ್ದಿ ಹಬ್ಬಿ ಲೆಕ್ಕ ಮುಗಿಯುವವರೆಗೆ ಸಾಮಾನು ಚರಂಡಿಗೆ ಬೀಳುತ್ತಲೇ ಇರುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ತುಂಬಿದ ದಾರಿಯಲ್ಲಿ 40 ಸೆಕೆಂಡಿಗೆ 5,000 ಕೋಟಿ ಬೈಟ್ ನಷ್ಟ. ಅದೇ 50 ಮಿಲಿಸೆಕೆಂಡಿನಲ್ಲಿ ದಾರಿ ಬದಲಾದರೆ 6 ಕೋಟಿ 25 ಲಕ್ಷ ಬೈಟ್ ಮಾತ್ರ. ಎಂಟನೆಯ ತರಗತಿಯವರು ಮನೆಗೆ ಹೋಗಿ ಲೆಕ್ಕ ಮಾಡಿ ನೋಡಿ.

ಈ 50 ಮಿಲಿಸೆಕೆಂಡಿನ ಗುರಿ ಹಳೆಯ ಟೆಲಿಫೋನ್ ಜಾಲಗಳಿಂದ ಬಂದದ್ದು. ಅದನ್ನು ಮುಟ್ಟಬೇಕಾದರೆ ಕಡಿದ ಮೇಲೆ ಯೋಚಿಸಲು ಸಮಯವಿಲ್ಲ; ಮೊದಲೇ ಯೋಚಿಸಿರಬೇಕು. ಇದಕ್ಕೆ ‘ಫಾಸ್ಟ್ ರೀರೂಟ್’ ಎನ್ನುತ್ತಾರೆ, ಅದರ ನಿಯಮಾವಳಿ 2005ರಲ್ಲಿ ಬಂತು. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನಿಂದ ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿಗೆ ಹೋಗುವ ದಾರಿ ಎನ್ನಿ. ದಾವಣಗೆರೆ–ಹಾವೇರಿ ನಡುವೆ ಕೇಬಲ್ ಕಡಿಯಿತು. ದಾವಣಗೆರೆಯ ರೂಟರ್ ಬೆಂಗಳೂರಿನ ಅಪ್ಪಣೆಗೆ ಕಾಯುವುದಿಲ್ಲ. ಶಿವಮೊಗ್ಗ, ಶಿರಸಿ ಮೇಲಿಂದ ಹಾವೇರಿಗೆ ಬರುವ ಬಳಸುದಾರಿಯೊಂದನ್ನು ಅದು ಶಾಂತಿಯ ದಿನಗಳಲ್ಲೇ ಕಟ್ಟಿಟ್ಟಿರುತ್ತದೆ.

ಇಲ್ಲಿಯ ಕುಶಲತೆ ನನಗೆ ಬಹಳ ಹಿಡಿಸಿತು. ದಾವಣಗೆರೆ, ಎಂದಿನಂತೆ ಹಾವೇರಿಯ ಚೀಟಿಯನ್ನೇ ಹಚ್ಚುತ್ತದೆ. ಆಮೇಲೆ ಆ ಚೀಲವನ್ನು ಇನ್ನೊಂದು ಚೀಲದೊಳಗಿಟ್ಟು, ಮೇಲೆ ಬಳಸುದಾರಿಯ ಚೀಟಿ ಕಟ್ಟುತ್ತದೆ. ಶಿವಮೊಗ್ಗ ನೋಡುವುದು ಹೊರಗಿನ ಚೀಟಿ ಮಾತ್ರ. ಶಿರಸಿ ಹೊರಚೀಲ ಬಿಚ್ಚಿ ಒಳಗಿನದನ್ನು ಹಾವೇರಿಗೆ ಕೊಡುತ್ತದೆ. ಹಾವೇರಿಗೆ ಸಿಗುವುದು ತಾನು ದಿನವೂ ನೋಡುವ ಅದೇ ಚೀಟಿ. ಹೀಗಾಗಿ ಕಡಿದ ಕೊಂಡಿಯ ಮೇಲೆ ಸಾವಿರ ದಾರಿಗಳಿದ್ದರೂ ಒಂದೇ ಬಳಸುದಾರಿ ಎಲ್ಲವನ್ನೂ ಸಾಗಿಸಬಲ್ಲದು. ಒಂದೊಂದು ದಾರಿಗೂ ಪ್ರತ್ಯೇಕ ಬಳಸುದಾರಿ ಕಟ್ಟುವ ವಿಧಾನವೂ ಆ ನಿಯಮಾವಳಿಯಲ್ಲಿದೆ, ಅದು ಖರ್ಚಿನ ಬಾಬತ್ತು. ಬಳಸುದಾರಿ ಇಕ್ಕಟ್ಟಾಗಿದ್ದರೆ ಅಲ್ಲಿಯೂ ನೂಕುನುಗ್ಗಲಾಗುತ್ತದೆ ಎಂಬುದು ಬೇರೆ ಮಾತು. ಈ ನಡುವೆ ಬೆಂಗಳೂರಿಗೆ ಸುದ್ದಿ ಮುಟ್ಟಿ, ಅದು ನಿಧಾನವಾಗಿ ಒಳ್ಳೆಯ ಹೊಸ ದಾರಿ ಹುಡುಕುತ್ತದೆ. ಹೊಸದು ಸಿದ್ಧವಾದ ಮೇಲೆಯೇ ಹಳೆಯದನ್ನು ಬಿಡುತ್ತದೆ.

ಹಾವೇರಿಯ ರೂಟರೇ ಕೆಟ್ಟರೆ? ಆಗ ಬಳಸುದಾರಿ ಹಾವೇರಿಯನ್ನು ಹಾರಿ ನೇರ ಹುಬ್ಬಳ್ಳಿಗೆ ಹೋಗಬೇಕು. ಹುಬ್ಬಳ್ಳಿ ಯಾವ ಚೀಟಿ ಬಯಸುತ್ತದೆ ಎಂಬುದನ್ನು ದಾವಣಗೆರೆ ಮುಂಚಿತವಾಗಿ ಕೇಳಿಟ್ಟುಕೊಂಡಿರಬೇಕು.

ಇಷ್ಟೆಲ್ಲ ಲೆಕ್ಕಾಚಾರ ಮಾಡುವ ರೂಟರಿಗೆ ಒಂದು ವಿಷಯ ಮಾತ್ರ ಕಾಣುವುದಿಲ್ಲ: ನೆಲದೊಳಗಿನ ಗುಂಡಿ. ನಕ್ಷೆಯಲ್ಲಿ ಎರಡು ಗೆರೆ ಇದ್ದರೆ ಅದರ ಪಾಲಿಗೆ ಎರಡು ದಾರಿ. 2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ನಗರದ ಹೊವರ್ಡ್ ಸ್ಟ್ರೀಟ್ ಸುರಂಗದಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಬೆಂಕಿ ಹತ್ತಿತು. ಹಲವು ಕಂಪನಿಗಳ ಫೈಬರ್ ಕೇಬಲ್ಲುಗಳು ಅದೇ ಸುರಂಗದಲ್ಲಿದ್ದವು, ಒಟ್ಟಿಗೆ ಸುಟ್ಟವು. ನಮ್ಮ ದೇಶಕ್ಕೇ ತಟ್ಟಿದ ಉದಾಹರಣೆ ಬೇಕೆಂದರೆ 2008ರ ಜನವರಿ 30. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಸಮುದ್ರ ಕೇಬಲ್ಲುಗಳು ಒಂದೇ ದಿನ ತುಂಡಾದವು. ಯುರೋಪಿನ ಕಡೆಗಿನ ನಮ್ಮ ಸಂಪರ್ಕ ಕುಂಟಿತು. ಬೆಂಗಳೂರಿನಂಥ ಊರುಗಳಲ್ಲಿ ವಿದೇಶದ ಕೆಲಸವನ್ನೇ ನಂಬಿದ್ದ ಕಂಪನಿಗಳು ಪರದಾಡಿದವು. ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲಿಂದ ದಾರಿ ಇಟ್ಟುಕೊಂಡಿದ್ದವರು ಪಾರಾದರು. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ ಕೇಬಲ್ಲುಗಳು ಕಡಿದವು, ಭಾರತದಲ್ಲೂ ಇಂಟರ್ನೆಟ್ ನಿಧಾನವಾಯಿತು.

ಇದಕ್ಕಾಗಿ ಎಂಜಿನಿಯರುಗಳು ಪ್ರತಿ ಕೊಂಡಿಗೂ ಒಂದು ‘ಅಪಾಯದ ಗುಂಪು’ ಬರೆದಿಡುತ್ತಾರೆ. ಒಂದೇ ಗುಂಡಿ, ಒಂದೇ ಸೇತುವೆ, ಒಂದೇ ಸುರಂಗದಲ್ಲಿರುವ ಕೇಬಲ್ಲುಗಳಿಗೆಲ್ಲ ಒಂದೇ ನಂಬರು. ಬಳಸುದಾರಿ ಹುಡುಕುವಾಗ ಆ ನಂಬರಿನ ಯಾವ ಕೊಂಡಿಯನ್ನೂ ಆರಿಸಬೇಡ ಎಂದು ರೂಟರಿಗೆ ಹೇಳಿರುತ್ತಾರೆ. ಈ ನಂಬರನ್ನು ಯಾವ ಯಂತ್ರವೂ ತಾನಾಗಿ ಕಂಡುಹಿಡಿಯುವುದಿಲ್ಲ. ಯಾರೋ ಒಬ್ಬರು ಬೀದಿಗಿಳಿದು, ಕೇಬಲ್ ಎಲ್ಲಿಂದ ಹೋಗಿದೆ ಎಂದು ವಿಚಾರಿಸಿ ಬರೆಯಬೇಕು. ನನ್ನ ವಿದ್ಯಾರ್ಥಿ ಹೇಳಿದಂತೆ, ಅವನ ಕೆಲಸದಲ್ಲಿ ಅತ್ಯಂತ ಬೇಸರದ್ದೂ ಅತ್ಯಂತ ಮುಖ್ಯವಾದದ್ದೂ ಅದೇ.

ಅವನು ರಜೆ ಮುಗಿಸಿ ಹೊರಡುವ ಮುಂಚೆ ನಾವಿಬ್ಬರೂ ಆ ಸೈಬರ್ ಸೆಂಟರಿಗೆ ಹೋದೆವು. ಮಾಲೀಕರೊಡನೆ ಬೀದಿ ಬೀದಿ ಸುತ್ತಿ, ಎರಡೂ ಕೇಬಲ್ಲುಗಳು ಬರುವ ದಾರಿಯನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ಗುರುತು ಹಾಕಿದೆವು. ಈಗ ಅವರ ಎರಡನೆಯ ಕನೆಕ್ಷನ್ ಹಿಂದಿನ ಬೀದಿಯಿಂದ, ಕಂಬದ ಮೇಲೆ ಬರುತ್ತದೆ. ಆ ಹಾಳೆ ಇನ್ನೂ ಅವರ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಕೊಂಡಿದೆ. ಆ ಹುಡುಗಿ ಮರುವರ್ಷ ಅರ್ಜಿ ಹಾಕಿದ್ದು ಅಲ್ಲಿಂದಲೇ, ಕೊನೆಯ ದಿನಕ್ಕೆ ಹನ್ನೊಂದು ದಿನ ಮುಂಚೆ.