ಅಫೀಮು ಮತ್ತು ದೇಹದ ಕಾವಲು

ಗಸಗಸೆಯ ಹಸಿಗಾಯಿಯನ್ನು ಗೀರಿದರೆ ಒಸರುವ ಹಾಲು ಗಟ್ಟಿಯಾಗಿ ಅಫೀಮು ಆಗುತ್ತದೆ. ಅದರ ಸಾರ ಮಾರ್ಫಿನ್. ಮಾರ್ಫಿನ್ನಿನಿಂದ ತಯಾರಾದದ್ದು ಹೆರಾಯಿನ್. ಇವು ನೋವನ್ನು ಮಲಗಿಸುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ನೋವಿನೊಡನೆ ದೇಹದ ಕಾವಲುಗಾರನನ್ನೂ ಇವು ತೂಕಡಿಸುವಂತೆ ಮಾಡುತ್ತವೆಯೇ?

ಪ್ರಶ್ನೆ ಹಳೆಯದು. ಅಫೀಮು ಕೊಟ್ಟ ಗಿನಿಯಿಲಿಗಳು ಬ್ಯಾಕ್ಟೀರಿಯಗಳನ್ನು ಎದುರಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತವೆಂದು ರುಮೇನಿಯದ ವಿಜ್ಞಾನಿ ಕಾಂತಾಕುಝಿನೊ 1898ರಲ್ಲೇ ತೋರಿಸಿದ್ದರು. ಕಾರಣ ತಿಳಿದದ್ದು ಬಹುಕಾಲದ ಮೇಲೆ. ಮಾರ್ಫಿನ್ ಹೋಗಿ ಕೂಡುವ ಗ್ರಾಹಕಗಳು ಮಿದುಳಿನಲ್ಲಿ ಮಾತ್ರವಲ್ಲ, ಬಿಳಿಯ ರಕ್ತಕಣಗಳ ಮೇಲೂ ಇವೆ. ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಕಣಗಳ ಚುರುಕು ಮಾರ್ಫಿನ್ನಿನಿಂದ ತಗ್ಗುತ್ತದೆ. ಎಚ್.ಐ.ವಿ. ಒಳನುಗ್ಗಲು ಬಳಸುವ ಬಾಗಿಲುಗಳು ಕೆಲವು ರಕ್ಷಕಕಣಗಳ ಮೇಲೆ ಹೆಚ್ಚುವುದನ್ನೂ ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ.

ಆದರೆ ಮನುಷ್ಯನ ಬದುಕು ಪ್ರಯೋಗಶಾಲೆಯ ಗಾಜಿನ ಬಟ್ಟಲಲ್ಲ. ಮಣಿಪುರವನ್ನು ನೋಡಿ. ಬರ್ಮಾ ಗಡಿಯನ್ನು ದಾಟಿ ಬಂದ ಹೆರಾಯಿನನ್ನು ಅಲ್ಲಿಯ ತರುಣರು ಸೂಜಿಯಿಂದ ರಕ್ತನಾಳಕ್ಕೇರಿಸಿಕೊಳ್ಳುತ್ತಿದ್ದರು. ಒಂದೇ ಸೂಜಿ ಹಲವರ ಕೈ ದಾಟುತ್ತಿತ್ತು. 1989ರ ಸೆಪ್ಟೆಂಬರಿನಲ್ಲಿ ಪರೀಕ್ಷೆಗೊಳಗಾದ ಇಂಥವರಲ್ಲಿ ಒಬ್ಬರಲ್ಲೂ ಎಚ್.ಐ.ವಿ. ಇರಲಿಲ್ಲ. ಆರೇ ತಿಂಗಳಲ್ಲಿ ಅದು ಅರ್ಧದಷ್ಟು ಜನರಲ್ಲಿ ಕಾಣಿಸಿಕೊಂಡಿತು. ಇಲ್ಲಿ ಮೊದಲ ಅಪರಾಧಿ ಹಂಚಿಕೊಂಡ ಸೂಜಿ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿಗೂ ಅದೇ ಹೆದ್ದಾರಿ. ಅರೆಹೊಟ್ಟೆ, ನಿದ್ದೆಗೇಡು, ಬೀದಿಯ ಬದುಕು ಇವೂ ಸೇರಿದಾಗ ಮಾದಕದ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಕಾವಲು ಸಡಿಲವಾದ ಮನೆಗೆ ಸೂಜಿಯೇ ಕಳ್ಳನನ್ನು ಕರೆತಂದಿತೆನ್ನೋಣ.

ಹಾಗಾದರೆ ಚಟವನ್ನು ಒಮ್ಮೆಲೇ ಬಿಡಿಸಿದರಾಯಿತೇ? ಇಲ್ಲ. ಹಠಾತ್ತಾಗಿ ನಿಲ್ಲಿಸಿದಾಗ ದೇಹ ತಲ್ಲಣಿಸುತ್ತದೆ. ಪ್ರತಿರೋಧ ಇನ್ನಷ್ಟು ಕುಸಿಯಬಹುದು. ವೈದ್ಯರ ಕಣ್ಣೆದುರಿನಲ್ಲಿ ಕೊಡುವ ಮೆಥಡೋನ್, ಬ್ಯುಪ್ರಿನಾರ್ಫಿನ್‌ಗಳು, ಜೊತೆಗೆ ಶುದ್ಧವಾದ ಸೂಜಿ, ಇವು ಸೋಂಕನ್ನು ತಗ್ಗಿಸಿರುವುದು ಅನುಭವಸಿದ್ಧ. ಚಟಕ್ಕೆ ಬಿದ್ದವನು ಪೊಲೀಸರಿಗೂ ನೆರೆಯವರ ನಾಲಗೆಗೂ ಅಂಜಿ ಅಡಗಿದರೆ, ಅವನೊಡನೆ ವೈರಸ್ಸೂ ಅಡಗಿಕೊಂಡು ಬೆಳೆಯುತ್ತದೆ.

ಕೊನೆಗೊಂದು ಮಾತು. ಕ್ಯಾನ್ಸರಿನಿಂದ ನರಳುವವರಿಗೆ ವೈದ್ಯರು ಅಳತೆಯಿಟ್ಟು ಕೊಡುವ ಮಾರ್ಫಿನ್ನಿಗೆ ಈ ಮಾತುಗಳನ್ನು ಕೇಳಿ ಯಾರೂ ಹೆದರಬಾರದು. ಶಮನಗೊಳ್ಳದ ನೋವೂ ದೇಹವನ್ನು ಸೋಲಿಸುತ್ತದೆ. ಮದ್ದು ಅದೇ, ಅದು ಯಾರ ಕೈಯಲ್ಲಿದೆ, ಯಾವ ಸೂಜಿಯಲ್ಲಿದೆ ಎಂಬುದೇ ಪ್ರಶ್ನೆ.